ಮೊದಲು ಲೆಕ್ಕ, ಅನಂತರ ಮೋಟಾರು

ಅಂಕೆಗಳ ಆಜ್ಞೆಯಂತೆ ಲೋಹವನ್ನು ಕಡೆಯುವ ಮಿಲ್ಲಿಂಗ್ ಯಂತ್ರವು ಕಾರ್ಖಾನೆಯ ಆವರಣವನ್ನು ದಾಟಿ ಮನೆಯ ಮೇಜಿಗೆ ಬಂದಿದೆ. 1952ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ತಾಂತ್ರಿಕ ವಿದ್ಯಾಸಂಸ್ಥೆಯವರು ಇಂತಹ ಯಂತ್ರವನ್ನು ಪ್ರದರ್ಶಿಸಿದಾಗ ಅದರ ನಿಯಂತ್ರಣಕ್ಕೆ ನಿರ್ವಾತ ನಳಿಕೆಗಳು ತುಂಬಿದ ಕಪಾಟುಗಳೇ ಬೇಕಾಗಿದ್ದವು. ಈಗ ಅಂಗೈಯಗಲದ ಫಲಕವೊಂದು ಆ ಕಾರ್ಯವನ್ನು ನಿರ್ವಹಿಸುತ್ತದೆ. ಹೀಗಿರಲು ನಮ್ಮ ವಿದ್ಯಾರ್ಥಿಗಳು ಇಂತಹ ಯಂತ್ರವನ್ನು ತಾವೇ ಕಟ್ಟಲು ಹೊರಡುವುದು ಸಂತೋಷದ ವಿಷಯವೇ ಸರಿ. ಆದರೆ ಅವರಲ್ಲಿ ಬಹುಮಂದಿ ಮೊದಲು ಕೇಳುವುದು “ಎಷ್ಟು ವಾಟ್ ಸರ್ವೋ ಮೋಟಾರು ಕೊಳ್ಳಬೇಕು?” ಎಂದು. ಮೊದಲ ಪ್ರಶ್ನೆ ಇದಾಗಬಾರದೆಂಬುದು ನನ್ನ ಅಭಿಪ್ರಾಯ.

ಒಂದು ಉದಾಹರಣೆಯನ್ನು ತೆಗೆದುಕೊಳ್ಳೋಣ. ಒಂದು ಸುತ್ತಿಗೆ 5 ಮಿಲಿಮೀಟರ್ ಮುಂದೊಯ್ಯುವ ಬಾಲ್ ಸ್ಕ್ರೂ ಯಂತ್ರದ ಮೇಜನ್ನು ತಳ್ಳುತ್ತದೆ. ಲೋಹದ ಪ್ರತಿರೋಧ, ಘರ್ಷಣೆ ಎಲ್ಲವೂ ಸೇರಿ 500 ನ್ಯೂಟನ್ ಇರಲಿ. ಮೇಜಿನ ವೇಗ ನಿಮಿಷಕ್ಕೆ 3 ಮೀಟರ್, ಎಂದರೆ ಸೆಕೆಂಡಿಗೆ 0.05 ಮೀಟರ್ ಇರಲಿ. ಬಲವನ್ನು ವೇಗದಿಂದ ಗುಣಿಸಿದರೆ ಬೇಕಾದ ಸಾಮರ್ಥ್ಯ ಕೇವಲ 25 ವಾಟ್! ಸ್ಕ್ರೂವಿನ ದಕ್ಷತೆ ನೂರಕ್ಕೆ 90 ಎಂದು ಹಿಡಿದರೂ 28 ವಾಟಿಗೆ ಮೀರದು.

ಹಾಗಾದರೆ 100 ವಾಟಿನ ಮೋಟಾರು ಧಾರಾಳವಾಗಿ ಸಾಕಲ್ಲವೇ? ಸಾಲದು. ಈ ಸ್ಕ್ರೂವನ್ನು ತಿರುಗಿಸಲು 0.44 ನ್ಯೂಟನ್-ಮೀಟರ್ ಟಾರ್ಕ್, ಎಂದರೆ ತಿರುಗುಬಲ, ಬೇಕು. ನಿಮಿಷಕ್ಕೆ 3000 ಸುತ್ತಿನ 100 ವಾಟ್ ಸರ್ವೋ ಸತತವಾಗಿ ಕೊಡಬಲ್ಲದ್ದು 0.32 ಮಾತ್ರ. ಅದರ ಸಾಮರ್ಥ್ಯವೆಲ್ಲ ವೇಗದ ರೂಪದಲ್ಲಿದೆ; ನಮ್ಮ ಸ್ಕ್ರೂ ತಿರುಗುವುದಾದರೋ ನಿಮಿಷಕ್ಕೆ 600 ಸುತ್ತು. ಅದೇ ಮೋಟಾರಿಗೆ ಎರಡಕ್ಕೊಂದರ ಪಟ್ಟಿ-ರಾಟೆಯನ್ನು ಜೋಡಿಸಿದರೆ ವೇಗ ಅರ್ಧವಾಗಿ ಟಾರ್ಕ್ ಇಮ್ಮಡಿಯಾಗುತ್ತದೆ, ಕೆಲಸ ಸಾಗುತ್ತದೆ. ನೇರವಾಗಿ ಜೋಡಿಸುವುದಾದರೆ 200 ವಾಟಿನದು ಬೇಕು. ವಾಟ್ ಒಂದನ್ನೇ ನೋಡಿ ಕೊಳ್ಳುವವನು ಒಮ್ಮೆ ಕಡಿಮೆಯದನ್ನು, ಇನ್ನೊಮ್ಮೆ ಅನವಶ್ಯಕವಾಗಿ ದೊಡ್ಡದನ್ನು ಆರಿಸುವುದು ಹೀಗೆ.

ಸರ್ವೋ ಬೇಕೇ ಬೇಕೇ ಎಂಬುದನ್ನೂ ವಿಚಾರಿಸಬೇಕು. ಅಗ್ಗವಾದ ಸ್ಟೆಪ್ಪರ್ ಮೋಟಾರು ಸಾಮಾನ್ಯವಾಗಿ ಸುತ್ತಿಗೆ 200 ಹೆಜ್ಜೆ ಇಡುತ್ತದೆ. ವೇಗ ಹೆಚ್ಚಿದಂತೆ ಅದರ ಟಾರ್ಕ್ ಕುಗ್ಗುತ್ತದೆ. ಹೊರೆ ಮಿತಿಮೀರಿದರೆ ಅದು ಹೆಜ್ಜೆ ತಪ್ಪುತ್ತದೆ, ತಪ್ಪಿದ್ದು ಅದಕ್ಕೆ ತಿಳಿಯುವುದೂ ಇಲ್ಲ. ಸರ್ವೋ ಹಾಗಲ್ಲ. ತನ್ನ ಅಕ್ಷದ ಸ್ಥಾನವನ್ನು ಅಳೆಯುತ್ತ, ಆಜ್ಞೆಗೂ ಸ್ಥಾನಕ್ಕೂ ಇರುವ ಅಂತರವನ್ನು ತಿದ್ದಿಕೊಳ್ಳುತ್ತದೆ; ತಿದ್ದಲಾಗದಿದ್ದರೆ ನಿಂತು ಎಚ್ಚರಿಸುತ್ತದೆ. ಅದರ ನಿಜವಾದ ಹಿರಿಮೆ ಇಲ್ಲಿದೆ. ಆದರೂ ಅದು ಬಲ್ಲದ್ದು ತನ್ನ ಅಕ್ಷವನ್ನು ಮಾತ್ರ. ದಿಕ್ಕು ಬದಲಾದಾಗ ನಟ್ಟಿನಲ್ಲಿ 0.1 ಮಿಲಿಮೀಟರ್ ಸಡಿಲಿದ್ದರೆ, ಎಷ್ಟು ಬೆಲೆಯ ಸರ್ವೋ ಹಾಕಿದರೂ ಆ ದೋಷ ಮೇಜಿನಲ್ಲಿ ಉಳಿಯುತ್ತದೆ. ಆದುದರಿಂದ ನಿಧಾನವಾಗಿ ಅಲ್ಯೂಮಿನಿಯಂ ಕಡೆಯಲು ಬಯಸುವ ವಿದ್ಯಾರ್ಥಿಯು ಸ್ಟೆಪ್ಪರಿನಿಂದ ತೃಪ್ತನಾಗಿ, ಉಳಿದ ಹಣವನ್ನು ಒಳ್ಳೆಯ ಸ್ಕ್ರೂ ಮತ್ತು ಬೇರಿಂಗುಗಳಿಗೆ ವೆಚ್ಚಮಾಡುವುದು ಲೇಸು.

ನಿಯಂತ್ರಣ ಫಲಕದ ಆಯ್ಕೆಯಲ್ಲಿಯೂ ಲೆಕ್ಕವೇ ದಾರಿದೀಪ. ಸುತ್ತಿಗೆ 10,000 ಸ್ಪಂದಗಳನ್ನು ಬೇಡುವ ಸರ್ವೋವನ್ನು ನಮ್ಮ ಸ್ಕ್ರೂವಿಗೆ ನೇರವಾಗಿ ಜೋಡಿಸಿದರೆ ಸೆಕೆಂಡಿಗೆ ಒಂದು ಲಕ್ಷ ಸ್ಪಂದಗಳು ಬೇಕು. ಆರ್ಡುಯಿನೋ ಊನೋ ಫಲಕದಲ್ಲಿ ನಡೆಯುವ ಗ್ರಬ್ಲ್ ತಂತ್ರಾಂಶ ಕೊಡುವುದು ಸುಮಾರು 30,000. ಸರ್ವೋ ಚಾಲಕದಲ್ಲಿಯೇ ಸುತ್ತಿಗೆ 2,000 ಸ್ಪಂದವೆಂದು ಹೊಂದಿಸಿದರೆ ಸೆಕೆಂಡಿಗೆ 20,000 ಸಾಕಾಗುತ್ತದೆ. ಆಗಲೂ ಒಂದೊಂದು ಸ್ಪಂದಕ್ಕೆ ಮೇಜು ಸರಿಯುವುದು 0.0025 ಮಿಲಿಮೀಟರ್ ಮಾತ್ರ. ಮನೆಯ ಯಂತ್ರಕ್ಕೆ ಇದಕ್ಕಿಂತ ಸೂಕ್ಷ್ಮತೆ ಬೇಕಿಲ್ಲ. ಹೆಚ್ಚಿನ ವೇಗ ಬೇಕಾದವರು ಲಿನಕ್ಸ್‌ಸಿಎನ್‌ಸಿ ತಂತ್ರಾಂಶವನ್ನೂ, ಸ್ಪಂದಗಳನ್ನು ಸ್ವತಂತ್ರವಾಗಿ ಉತ್ಪಾದಿಸುವ ಕಾರ್ಡನ್ನೂ ಆಶ್ರಯಿಸಬಹುದು.

ಒಂದು ವಿಷಯದಲ್ಲಿ ಮಾತ್ರ ಮಿತವ್ಯಯ ಸಲ್ಲದು. ತುರ್ತು ನಿಲುಗಡೆಯ ಗುಂಡಿಯು ತಂತ್ರಾಂಶಕ್ಕೆ ವಿನಂತಿ ಸಲ್ಲಿಸುವಂತಿರದೆ, ಮೋಟಾರುಗಳ ವಿದ್ಯುತ್ತನ್ನೇ ಕಡಿಯುವಂತಿರಬೇಕು. ಬಾಲ್ ಸ್ಕ್ರೂವಿನಲ್ಲಿ ಘರ್ಷಣೆ ಅತ್ಯಲ್ಪವಾದ ಕಾರಣ, ವಿದ್ಯುತ್ ನಿಂತೊಡನೆ ಮೇಲಿನ ಭಾರವಾದ ತಲೆ ತಾನಾಗಿ ಕೆಳಗಿಳಿಯಬಹುದು. ಆ ಲಂಬ ಅಕ್ಷಕ್ಕೆ ಬ್ರೇಕುಳ್ಳ ಮೋಟಾರನ್ನೇ ಹಾಕತಕ್ಕದ್ದು. ಕೆಟ್ಟ ಲೋಹದ ತುಂಡಿಗೆ ಬದಲು ಇನ್ನೊಂದನ್ನು ತರಬಹುದು, ಬೆರಳಿಗೆ ಬದಲಿಲ್ಲ.

ಇಲ್ಲಿ ಬಳಸಿದ ಗಣಿತವು ಪದವಿಪೂರ್ವ ತರಗತಿಯ ಭೌತಶಾಸ್ತ್ರವನ್ನು ಮೀರಿದ್ದಲ್ಲ. ಪರೀಕ್ಷೆಗೆಂದು ಕಲಿತ ಸಾಮರ್ಥ್ಯ, ಟಾರ್ಕ್, ದಕ್ಷತೆಗಳು ಇಲ್ಲಿ ನಿಮ್ಮ ಹಣವನ್ನು ಕಾಯುತ್ತವೆ. ವಿದ್ಯಾರ್ಥಿಮಿತ್ರರು ಅಂಗಡಿಯ ಮೆಟ್ಟಲೇರುವ ಮುನ್ನ ಒಂದು ಹಾಳೆಯ ಮೇಲೆ ತಮ್ಮ ಯಂತ್ರದ ಬಲ, ವೇಗ, ಟಾರ್ಕ್ ಮತ್ತು ಸ್ಪಂದಸಂಖ್ಯೆಗಳನ್ನು ಬರೆದುಕೊಳ್ಳಲಿ. ಆ ಹಾಳೆಯನ್ನು ಮುಂದಿಟ್ಟು ಮೋಟಾರು ಕೇಳುವವನಿಗೆ ಬೇಡದ್ದನ್ನು ಮಾರುವುದು ಯಾವ ವ್ಯಾಪಾರಿಗೂ ಸುಲಭವಲ್ಲ.