ಹಿಮ್ಮಡಿ ಕೆಳಗೆ ಅಂತ ಕೂಗಿದ್ರೆ ಕಾಲು ನಿಲ್ಲಲ್ಲ

“ಹೀಲ್ಸ್ ಡೌನ್! ಹೀಲ್ಸ್ ಡೌನ್!”

ಬೆಂಗಳೂರಿನ ಹೊರವಲಯದ ಯಾವುದಾದರೂ ಕುದುರೆ ಸವಾರಿ ಶಾಲೆಗೆ ಭಾನುವಾರ ಬೆಳಿಗ್ಗೆ ಏಳು ಗಂಟೆಗೆ ಹೋಗಿ ನಿಂತ್ಕೊಳ್ಳಿ. ಮೊದಲು ಕಿವಿಗೆ ಬೀಳೋದು ಇದೇ. ಮೈದಾನದ ನಡುವೆ ಟೋಪಿ ಹಾಕ್ಕೊಂಡು ನಿಂತ ಕೋಚ್ ಕೂಗ್ತಾರೆ, ಸುತ್ತ ಆರು ಕುದುರೆಗಳ ಮೇಲೆ ಆರು ಜನ ಹಿಮ್ಮಡಿಯನ್ನು ಕೆಳಕ್ಕೆ ತುಳೀತಾರೆ. ಮೂರು ಸೆಕೆಂಡ್ ಕಾಲು ಫೋಟೋದಲ್ಲಿ ಇರೋ ಹಾಗೆ ಕಾಣುತ್ತೆ. ಆಮೇಲೆ ಕುದುರೆ ಕಂಬ ಹಾರುತ್ತೆ, ಕಾಲು ಎಲ್ಲೋ ಹೋಗುತ್ತೆ. ಮತ್ತೆ ಅದೇ ಕೂಗು.

ನಾನು ಆ ಆರು ಜನರಲ್ಲಿ ಒಬ್ಬ. ಒಂದೂವರೆ ವರ್ಷ ಆ ಕೂಗು ಕೇಳಿದೀನಿ, ದುಡ್ಡು ಕೊಟ್ಟು ಕೇಳಿದೀನಿ. ಈಗ ನನ್ನ ವಾದ ಇಷ್ಟೇ: ಆ ಕೂಗು ಪಾಠ ಅಲ್ಲ. ಕಾಲು ನಿಲ್ಲದವನನ್ನು ಕಂಬ ಹಾರಿಸೋದು ಸವಾರನಿಗೆ ಅಪಾಯ, ಕುದುರೆಗೆ ಹಿಂಸೆ. ಅದನ್ನು ಕ್ರೀಡೆ ಅಂತ ಕರೆಯೋದನ್ನ ನಾವು ನಿಲ್ಲಿಸಬೇಕು.

ಮೊದಲು ನನ್ನ ತಪ್ಪನ್ನೇ ಹೇಳ್ತೀನಿ. 2021ರಲ್ಲಿ ನಮ್ಮ ಬೆಂಗಳೂರಿನ ಫೌಆದ್ ಮಿರ್ಜಾ ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಈವೆಂಟಿಂಗ್ ಫೈನಲ್ ತಲುಪಿದ್ದನ್ನ ಮೊಬೈಲ್‌ನಲ್ಲಿ ನೋಡಿದ್ದೆ. ಇಪ್ಪತ್ತು ವರ್ಷ ಆದ್ಮೇಲೆ ಭಾರತದ ಸವಾರನೊಬ್ಬ ಒಲಿಂಪಿಕ್ಸ್‌ಗೆ ಹೋಗಿದ್ದು ಅದು. ಹಾವೇರಿ ಕಡೆಯ ಹಳ್ಳಿಯಿಂದ ಬಂದು ಐಟಿ ಪಾರ್ಕಿನ ಕುರ್ಚಿಗೆ ಅಂಟಿಕೊಂಡ ನನಗೂ ಆಸೆ ಹುಟ್ಟಿತು. ಸೇರಿದೆ. ಕೆಲವೇ ತಿಂಗಳಲ್ಲಿ ಕಂಬ ಹಾರಿಸೋಕೆ ಶುರು ಮಾಡಿಸಿದ್ರು. ಮೊದಲು 40 ಸೆಂಟಿಮೀಟರ್, ಆಮೇಲೆ 60, ಒಂದು ಭಾನುವಾರ 80. ನನಗೆ ಕೊಟ್ಟಿದ್ದು ರೇಸಿನಿಂದ ನಿವೃತ್ತಿಯಾಗಿ ಬಂದ ಒಂದು ವಯಸ್ಸಾದ ಹೆಣ್ಣು ಕುದುರೆ. ಅದು ಹಾರಿತು. ನನ್ನ ಕಾಲು ಹಿಂದಕ್ಕೆ ಹಾರಿತು. ಮೈ ಮುಂದಕ್ಕೆ ಬಿತ್ತು. ಬೀಳದಿರೋಕೆ ನಾನು ಹಿಡ್ಕೊಂಡಿದ್ದು ಲಗಾಮು. ಗೆಳೆಯ ವಿಡಿಯೋ ಮಾಡಿದ, ಎಲ್ಲರೂ ಚಪ್ಪಾಳೆ ತಟ್ಟಿದ್ರು.

ಜೀನು ಇಳಿಸುವಾಗ ಸೈಸ್ ಕರೆದ. “ಸರ್, ಇಲ್ಲಿ ನೋಡಿ” ಅಂದ. ಕುದುರೆಯ ಕಟವಾಯಿಯಲ್ಲಿ ಚರ್ಮ ಕಿತ್ತು ರಕ್ತ ಜಿನುಗ್ತಾ ಇತ್ತು. ಅವನು ಬೇರೇನೂ ಹೇಳಲಿಲ್ಲ. ಒದ್ದೆ ಬಟ್ಟೆಯಲ್ಲಿ ಒರೆಸಿದ.

ನಮ್ಮ ಮನೇಲಿ ಎತ್ತು ಇದ್ವು. ಗಳೆ ಹೊಡೆಯೋದು ಕಲಿಯುವಾಗ ಮೂಗುದಾರಕ್ಕೆ ಸೇರಿದ ಹಗ್ಗಕ್ಕೆ ಜೋತುಬಿದ್ದೆ ಅಂತ ಅಜ್ಜ ಬೆನ್ನಿಗೆ ಒಂದು ಬಾರಿಸಿದ್ದ. “ನಿನ್ನ ಕಾಲ್ ಮ್ಯಾಲ ನೀ ನಿಂದ್ರೋ ಲೇ, ಅದರ ಮೂಗಿನ ಮ್ಯಾಲ ನಿಂದ್ರಬ್ಯಾಡ” ಅಂದಿದ್ದ. ಹತ್ತು ವರ್ಷದ ಹುಡುಗನಿಗೆ ಅರ್ಥ ಆಗಿದ್ದ ಮಾತು, ಬಿಇ ಓದಿ, ಸಾವಿರಾರು ರೂಪಾಯಿ ಫೀಸು ಕಟ್ಟಿ, ಹೆಲ್ಮೆಟ್ ಹಾಕ್ಕೊಂಡ ಮೇಲೆ ಮರೆತುಹೋಗಿತ್ತು.

ಈಗ ವಿಷಯಕ್ಕೆ ಬರೋಣ. ಕಾಲು ಯಾಕೆ ನಿಲ್ಲಲ್ಲ?

ಕುದುರೆ ಹಾರುವಾಗ ಸವಾರನ ಮೈಯಲ್ಲಿ ಮೂರು ಕೀಲು ಕೆಲಸ ಮಾಡ್ತವೆ: ಸೊಂಟ, ಮಂಡಿ, ಕಾಲಿನ ಹರಡು. ಮೂರೂ ಸಡಿಲವಾಗಿ ಮಡಚಿ ಬಿಚ್ಚಿದ್ರೆ ಭಾರ ಮೇಲಿಂದ ಕೆಳಕ್ಕೆ ಇಳಿದು, ಮೀನಖಂಡ ದಾಟಿ, ಹಿಮ್ಮಡಿಗೆ ಬಂದು ನಿಲ್ಲುತ್ತೆ. ಹಿಮ್ಮಡಿ ತಾನಾಗಿ ತಗ್ಗುತ್ತೆ. ನಾವು ತಗ್ಗಿಸಬೇಕಾಗಿಲ್ಲ.

ಹೆದರಿದವನು ಏನು ಮಾಡ್ತಾನೆ? ಮಂಡಿಯಿಂದ ಜೀನನ್ನು ಇಕ್ಕಳದ ಹಾಗೆ ಅಮುಕ್ತಾನೆ. ಅಮುಕಿದ ತಕ್ಷಣ ಭಾರ ಮಂಡಿಯಲ್ಲೇ ನಿಲ್ಲುತ್ತೆ, ಕೆಳಗೆ ಇಳಿಯಲ್ಲ. ಮಂಡಿ ಬಾಗಿಲ ತಿರುಗಣಿ ಆಗುತ್ತೆ. ಕೆಳಗಾಲು ಹಿಂದಕ್ಕೆ ಬೀಸುತ್ತೆ, ಮೇಲ್ಮೈ ಕುದುರೆಯ ಕತ್ತಿನ ಮೇಲೆ ಕುಸಿಯುತ್ತೆ. ಕುದುರೆ ಆ ಹೊತ್ತಿನಲ್ಲಿ ಅಡ್ಡ ತಿರುಗಿದ್ರೆ ಅಥವಾ ಕಂಬದ ಮುಂದೆ ನಿಂತುಬಿಟ್ರೆ ಸವಾರ ನೇರ ಕಿವಿಗಳ ಮಧ್ಯದಿಂದ ಆಚೆ.

ಇಂಥವನಿಗೆ “ಹಿಮ್ಮಡಿ ಕೆಳಗೆ” ಅಂತ ಕೂಗಿದ್ರೆ ಏನಾಗುತ್ತೆ? ಮಂಡಿ ಬಿಗಿ ಹಾಗೇ ಇರುತ್ತೆ. ಅದರ ಮೇಲೆ ಹರಡನ್ನೂ ಬಿಗಿ ಮಾಡ್ತಾನೆ. ಪಾದವನ್ನು ಸ್ಟಿರಪ್ ಮೇಲೆ ಮುಂದಕ್ಕೆ ಒದೀತಾನೆ, ಬ್ರೇಕ್ ತುಳಿಯೋ ಹಾಗೆ. ಈಗ ಕಾಲು ಮುಂದೆ, ಕುಂಡೆ ಹಿಂದೆ. ಕುದುರೆ ನೆಗೆದಾಗ ಇವನು ಹಿಂದೆ ಉಳೀತಾನೆ, ದೊಪ್ಪಂತ ಅದರ ಬೆನ್ನಿನ ಮೇಲೆ ಕೂರ್ತಾನೆ, ಆಸರೆಗೆ ಮತ್ತೆ ಅದೇ ಲಗಾಮು. ಮೊದಲಿನ ತಪ್ಪಿಗೆ ಮದ್ದು ಅಂತ ಎರಡನೇ ತಪ್ಪು ಕಲಿಸಿದ ಹಾಗಾಯ್ತು.

ನಮ್ಮ ಕೆಲಸದ ಭಾಷೇಲಿ ಹೇಳೋದಾದ್ರೆ, ಮೇಲೆದ್ದ ಹಿಮ್ಮಡಿ ಎರರ್ ಮೆಸೇಜ್ ಅಷ್ಟೇ. ಬಗ್ ಇರೋದು ಮಂಡಿಯಲ್ಲಿ, ಸೊಂಟದಲ್ಲಿ, ಹೆದರಿಕೆಯಲ್ಲಿ. ಲಾಗ್‌ನಿಂದ ಎರರ್ ಸಾಲು ಅಳಿಸಿ “ಫಿಕ್ಸ್ ಆಯ್ತು” ಅಂತ ಟಿಕೆಟ್ ಮುಚ್ಚೋ ಹುಡುಗನನ್ನ ಯಾವ ಟೀಮ್ ಲೀಡ್ ಸಹಿಸ್ತಾನೆ? ಮೈದಾನದಲ್ಲಿ ಮಾತ್ರ ನಾವು ಅದನ್ನೇ ತರಬೇತಿ ಅಂತೀವಿ.

ಇನ್ನೊಂದು ಮಾತು. ಈ ಕಾಲಿನ ಪಾಠ ಹುಟ್ಟಿದ್ದೇ ಕುದುರೆಗೋಸ್ಕರ, ಫೋಟೋಗಲ್ಲ. ನೂರಿಪ್ಪತ್ತು ವರ್ಷದ ಹಿಂದೆ ಯುರೋಪಿನ ಸೈನಿಕರು ಹಾರುವಾಗ ಹಿಂದಕ್ಕೆ ವಾಲಿ, ಕಾಲು ಮುಂದೆ ಚಾಚಿ, ಲಗಾಮು ಜಗ್ಗಿ ಕೂರ್ತಿದ್ರು. ಹಾಗೆ ಜಗ್ಗಿದ್ರೆ ಕುದುರೆಯ ಮುಂಗಾಲಿಗೆ ರಕ್ಷಣೆ ಅಂತ ಅವರ ನಂಬಿಕೆ. ಇಟಲಿಯ ಅಶ್ವದಳದ ಅಧಿಕಾರಿ ಫೆಡೆರಿಕೊ ಕಾಪ್ರಿಲ್ಲಿ, ಸವಾರನಿಲ್ಲದ ಕುದುರೆ ಹೇಗೆ ಹಾರುತ್ತೆ ಅಂತ ಗಮನಿಸಿದ. ಅದು ಕತ್ತು ಚಾಚಿ, ಬೆನ್ನು ಕಮಾನು ಮಾಡಿ ಹಾರುತ್ತೆ. ಬದಲಾಗಬೇಕಿರೋದು ಕುದುರೆ ಅಲ್ಲ, ಸವಾರ ಅಂತ ಅವನಿಗೆ ಹೊಳೀತು. ಸ್ಟಿರಪ್ ಗಿಡ್ಡ ಮಾಡಿದ, ಕುಂಡೆಯನ್ನು ಜೀನಿನಿಂದ ಎತ್ತಿದ, ಕೈಯನ್ನು ಕುದುರೆಯ ಬಾಯಿಯ ಹಿಂದೆ ಹೋಗಲು ಬಿಟ್ಟ. ಪಿನೆರೋಲೊ ಅಶ್ವದಳ ಶಾಲೆಯಲ್ಲಿ ಇದನ್ನೇ ಕಲಿಸಿದ. 1907ರಲ್ಲಿ, ನಲವತ್ತು ತುಂಬೋ ಮೊದಲೇ, ಕುದುರೆಯಿಂದ ಬಿದ್ದೇ ತೀರಿಕೊಂಡ. ಇವತ್ತು ಜಗತ್ತಿನಲ್ಲಿ ಕಂಬ ಹಾರಿಸೋರೆಲ್ಲ ಕೂರೋದು ಅವನ ಪದ್ಧತಿಯಲ್ಲೇ. ಕೈ ಸ್ವತಂತ್ರವಾಗಬೇಕು ಅಂದ್ರೆ ಕಾಲು ಭದ್ರ ಇರಬೇಕು. ಆ ಭದ್ರತೆ ಇಲ್ಲದೆ ಅವನ ಭಂಗಿಯನ್ನಷ್ಟೇ ನಕಲು ಮಾಡಿದ್ರೆ ಕುದುರೆಗೆ ಸಿಗೋದು ಹಳೇ ಹಿಂಸೆಯೇ.

ಹಾಗಾದ್ರೆ ಏನು ಮಾಡಬೇಕು? ಆ ರಕ್ತ ನೋಡಿದ ಮೇಲೆ ನಾನು ಹಾರೋದು ಬಿಟ್ಟು, ಸೇನೆಯಿಂದ ನಿವೃತ್ತರಾದ ಒಬ್ಬ ಹಿರಿಯರ ಹತ್ತಿರ ಹೋದೆ. ಅವರು ಹಿಮ್ಮಡಿ ಬಗ್ಗೆ ಒಂದು ಮಾತೂ ಆಡಲಿಲ್ಲ. ಕೇಳಿದ್ದು ಒಂದೇ ಪ್ರಶ್ನೆ: “ಈಗಿಂದೀಗ ನಿನ್ನ ಕೆಳಗಿನ ಕುದುರೆ ಮಾಯ ಆದ್ರೆ, ನೀನು ಕಾಲ ಮೇಲೆ ನಿಲ್ತೀಯಾ, ಮೂಗಿನ ಮೇಲೆ ಬೀಳ್ತೀಯಾ?” ಬೀಳ್ತಿದ್ದೆ. ಅಲ್ಲಿಂದ ಶುರು.

ಮೊದಲನೇದು ಅಳತೆ. ಸ್ಟಿರಪ್‌ನಿಂದ ಪಾದ ತೆಗೆದು ಕಾಲು ಇಳಿಬಿಟ್ರೆ ಅದರ ತಳ ಹರಡಿನ ಮೂಳೆಯ ಹತ್ತಿರ ಬರಬೇಕು. ಅದು ಸಾಮಾನ್ಯ ಸವಾರಿಗೆ. ಹಾರೋಕೆ ಅಲ್ಲಿಂದ ಎರಡು ಮೂರು ತೂತು ಗಿಡ್ಡ. ನಾನು ಒಂದೂವರೆ ವರ್ಷ ಉದ್ದ ಸ್ಟಿರಪ್‌ನಲ್ಲೇ ಹಾರಿದ್ದೆ. ಉದ್ದ ಇದ್ರೆ ಬೆರಳ ತುದಿಯಲ್ಲಿ ಹುಡುಕಬೇಕು, ಹಿಮ್ಮಡಿ ಏಳದೆ ಇನ್ನೇನಾಗುತ್ತೆ? ಪಾದದ ಅಗಲವಾದ ಭಾಗ ಸ್ಟಿರಪ್ ಮೇಲೆ, ಸ್ಟಿರಪ್‌ನ ಪಟ್ಟಿ ನೆಲಕ್ಕೆ ನೇರ ಲಂಬ. ಪಟ್ಟಿ ವಾಲಿದ್ರೆ ಕಾಲು ಜಾರಿದೆ ಅಂತ ಲೆಕ್ಕ.

ಎರಡನೇದು, ಜೀನಿನಿಂದ ಕುಂಡೆ ಎತ್ತಿ, ಸೊಂಟ ಮಡಚಿ, ಕಾಲಿನ ಮೇಲೆ ನಿಲ್ಲೋದು. ಟು-ಪಾಯಿಂಟ್ ಅಂತಾರೆ. ಮೊದಲು ನಡಿಗೆಯಲ್ಲಿ, ಆಮೇಲೆ ಟ್ರಾಟ್‌ನಲ್ಲಿ, ಆಮೇಲೆ ಕ್ಯಾಂಟರ್‌ನಲ್ಲಿ. ಕೈ ಲಗಾಮಿನ ಮೇಲಲ್ಲ, ಕುದುರೆಯ ಅಯಾಲಿನ ಮೇಲೆ ಅಥವಾ ಕತ್ತಿಗೆ ಕಟ್ಟಿದ ಪಟ್ಟಿಯ ಮೇಲೆ. ಮೊದಲ ದಿನ ನನಗೆ ಒಂದು ನಿಮಿಷ ಆಗಲಿಲ್ಲ.

ಮೂರನೇದು ನನಗೆ ಅತಿ ಇಷ್ಟದ್ದು. ಟ್ರಾಟ್‌ನಲ್ಲಿ ಎರಡು ಹೆಜ್ಜೆ ಮೇಲೆ, ಒಂದು ಹೆಜ್ಜೆ ಕೆಳಗೆ. ಹಿಂದಕ್ಕೆ ದೊಪ್ಪಂತ ಬಿದ್ರೆ ಕಾಲು ಮುಂದೆ ಹೋಗಿದೆ. ಮುಂದಕ್ಕೆ ಮುಗ್ಗರಿಸಿದ್ರೆ ಕಾಲು ಹಿಂದೆ ಹೋಗಿದೆ. ಯಾರೂ ಕೂಗಬೇಕಾಗಿಲ್ಲ, ಕುದುರೆಯೇ ತಕ್ಷಣ ಫಲಿತಾಂಶ ಹೇಳುತ್ತೆ. ಇದಕ್ಕಿಂತ ಒಳ್ಳೆ ಯೂನಿಟ್ ಟೆಸ್ಟ್ ನಾನು ಬರೆದಿಲ್ಲ.

ನಾಲ್ಕನೇದು ಸ್ಟಿರಪ್ ಇಲ್ಲದ ಸವಾರಿ, ಆದ್ರೆ ಸ್ವಲ್ಪ ಸ್ವಲ್ಪ. ಶಿಕ್ಷೆಯ ಹಾಗೆ ಅರ್ಧ ಗಂಟೆ ಓಡಿಸಿದ್ರೆ ಸುಸ್ತಾದ ಸವಾರ ಮತ್ತೆ ಮಂಡಿ ಅಮುಕೋದನ್ನೇ ಕಲೀತಾನೆ. ಆಮೇಲೆ ನೆಲದ ಮೇಲಿಟ್ಟ ಕಂಬಗಳು, ಆಮೇಲೆ ಚಿಕ್ಕ ಅಡ್ಡಕಂಬ, ಆಮೇಲೆ ಸಾಲಾಗಿ ಮೂರು ನಾಲ್ಕು ಚಿಕ್ಕ ನೆಗೆತ. ಉದ್ದ ಹಗ್ಗದಲ್ಲಿ ಕುದುರೆಯನ್ನು ಬೇರೆಯವರು ಹಿಡಿದಿರುವಾಗ, ಎರಡೂ ಕೈ ಅಗಲಿಸಿ. ಹಾರುವಾಗ ಎದ್ದು ನಿಲ್ಲೋ ಅವಸರ ಬೇಡ. ಕುದುರೆ ನೆಗೆದಾಗ ಅದರ ಮೈಯೇ ಬಂದು ನಮ್ಮ ಸೊಂಟ ಮಡಚುತ್ತೆ, ಕಾಯಬೇಕು ಅಷ್ಟೇ.

ಐದನೇದು ಕುದುರೆಯ ಮೇಲೆ ಇಲ್ಲ, ಮನೇಲಿದೆ. ಹಬ್ಬಕ್ಕೆ ಊರಿಗೆ ಹೋದಾಗ ಅವ್ವ ಶೇಂಗಾ ಹೊಲದಲ್ಲಿ ಕಳೆ ತೆಗೀತಾ ಇದ್ಲು. ಅರವತ್ತು ದಾಟಿದ ಹೆಂಗಸು, ಕುಕ್ಕರುಗಾಲಲ್ಲಿ, ಹಿಮ್ಮಡಿ ಪೂರ್ತಿ ನೆಲಕ್ಕೆ ಊರಿ, ಗಂಟೆಗಟ್ಟಲೆ. ಪಕ್ಕದಲ್ಲಿ ಹಾಗೇ ಕೂರೋಕೆ ಹೋಗಿ ನಾನು ಹಿಂದಕ್ಕೆ ಉರುಳಿಬಿದ್ದೆ. “ಕುರ್ಚಿ ಮ್ಯಾಲ ಕುಂತು ಕುಂತು ಕಾಲು ಕಟ್ಟಿಗಿ ಆಗ್ಯಾವ” ಅಂತ ನಕ್ಕಳು. ನನ್ನ ಪೂರ್ತಿ ಸಮಸ್ಯೆ ಆ ಒಂದು ಮಾತಿನಲ್ಲಿತ್ತು. ಬಾಗದ ಹರಡು, ಮೊಟಕಾದ ಮೀನಖಂಡ, ಬಿಗಿದ ಸೊಂಟ. ಇವನ್ನ ಇಟ್ಕೊಂಡು ಜೀನಿನ ಮೇಲೆ ಹಿಮ್ಮಡಿ ತಗ್ಗಿಸು ಅಂದ್ರೆ ಎಲ್ಲಿಂದ ತಗ್ಗಬೇಕು? ಈಗ ದಿನಾ ಮೆಟ್ಟಿಲ ತುದಿಯಲ್ಲಿ ಮುಂಗಾಲೂರಿ ಹಿಮ್ಮಡಿ ಇಳಿಬಿಡ್ತೀನಿ, ದಿನಾ ಐದು ನಿಮಿಷ ಕುಕ್ಕರುಗಾಲಲ್ಲಿ ಕೂರ್ತೀನಿ. ಇದಕ್ಕೆ ಫೀಸಿಲ್ಲ.

ನನಗೆ ಉತ್ತರ ಕೊಡೋರು ಇದಾರೆ, ಗೊತ್ತು.

“ದೊಡ್ಡ ದೊಡ್ಡ ಸವಾರರ ಕಾಲೂ ಹಿಂದೆ ಹೋಗುತ್ತೆ, ಫೋಟೋ ನೋಡಿ” ಅಂತಾರೆ. ಹೋಗುತ್ತೆ, ನಿಜ. ಅವರು ಹಾರೋದು 1.60 ಮೀಟರ್ ಎತ್ತರ, ಮತ್ತು ಆ ಕ್ಷಣದಲ್ಲೂ ಅವರ ಕೈ ಕುದುರೆಯ ಬಾಯನ್ನು ಜಗ್ಗೋದಿಲ್ಲ. ನೆಲ ಮುಟ್ಟೋ ಮೊದಲು ಕಾಲು ಜಾಗಕ್ಕೆ ವಾಪಸ್ ಬಂದಿರುತ್ತೆ. ಹಿರಿಯ ಪ್ರೋಗ್ರಾಮರ್ ಒಬ್ಬ ನಿಯಮ ಮುರಿದದ್ದನ್ನ ತೋರಿಸಿ ಫ್ರೆಶರ್ ತನ್ನ ಗಲೀಜು ಕೋಡ್ ಸಮರ್ಥಿಸಿಕೊಂಡ ಹಾಗಾಯ್ತು ಇದು.

“ಬೇಗ ಹಾರಿಸಿದ್ರೆ ಭಯ ಹೋಗುತ್ತೆ” ಅಂತಾರೆ. ನನ್ನ ಭಯ ಹೋಗಲಿಲ್ಲ, ಮಂಡಿಯಲ್ಲಿ ಮನೆ ಮಾಡಿತು. ಅದನ್ನ ಬಿಡಿಸೋಕೆ ನಾಲ್ಕು ತಿಂಗಳು ಬೇಕಾಯ್ತು.

“ಜನ ಹಾರೋಕೇ ಬರ್ತಾರೆ, ನಾಲ್ಕು ತಿಂಗಳು ಟ್ರಾಟ್ ಮಾಡಿಸಿದ್ರೆ ಓಡಿಹೋಗ್ತಾರೆ” ಅಂತಾರೆ. ಇದು ಪ್ರಾಮಾಣಿಕ ಉತ್ತರ, ಇದಕ್ಕೆ ಮರ್ಯಾದೆ ಕೊಡ್ತೀನಿ. ಶಾಲೆ ನಡೆಸೋದು ಸುಲಭ ಅಲ್ಲ. ಹುಲ್ಲು, ಹುರುಳಿ, ಲಾಳ, ವೈದ್ಯರು, ಸೈಸ್‌ಗಳ ಸಂಬಳ. ಆದ್ರೆ ಆ ಖರ್ಚಿಗೆ ಕುದುರೆಯ ಬಾಯಿ ಅಡ ಇಡೋ ಹಕ್ಕು ಯಾರಿಗೂ ಇಲ್ಲ. ತಪ್ಪು ಶಾಲೆಯದ್ದು ಮಾತ್ರವೂ ಅಲ್ಲ. “ಎಷ್ಟು ಸೆಂಟಿಮೀಟರ್ ಹಾರಿದೆ?” ಅಂತ ಕೇಳೋ ನಾವು, ಮಗಳ ರೀಲ್ ಹಾಕೋ ಅಪ್ಪ ಅಮ್ಮಂದಿರು, ಜಾರಬಾರದು ಅಂತ ಅಂಟೋ ಪ್ಯಾಂಟಿಗೆ ಸಾವಿರಾರು ಸುರಿದು ಮೆಟ್ಟಿಲ ಮೇಲೆ ಐದು ನಿಮಿಷ ನಿಲ್ಲದ ನನ್ನಂಥ ಇಂಜಿನಿಯರ್‌ಗಳು, ಎಲ್ಲರೂ ಸೇರಿ ಆ ಕಂಬವನ್ನು ಮೇಲೇರಿಸ್ತಾ ಇದೀವಿ.

ಶಾಲೆಗಳಿಗೆ ನನ್ನ ಬೇಡಿಕೆ ಒಂದೇ. ಲಗಾಮು ಬಿಟ್ಟು, ಅಯಾಲೂ ಹಿಡಿಯದೆ, ಒಂದು ಸುತ್ತು ಟ್ರಾಟ್‌ನಲ್ಲಿ ಕಾಲಿನ ಮೇಲೆ ನಿಲ್ಲೋಕಾಗದವರಿಗೆ ಲಗಾಮು ಕೊಟ್ಟು ಕಂಬದ ಕಡೆ ತಿರುಗಿಸಬೇಡಿ. ಸವಾರರಿಗೂ ಒಂದೇ. ಮುಂದಿನ ಸಲ ಕೋಚ್ “ಹೀಲ್ಸ್ ಡೌನ್” ಅಂದಾಗ, ಸರ್, ಯಾಕೆ ಮೇಲೆ ಬರ್ತಿದೆ ಅಂತ ವಿನಯದಿಂದ ಕೇಳಿ. ಉತ್ತರ ಇಲ್ಲದಿದ್ರೆ ಇನ್ನೊಬ್ಬರನ್ನ ಹುಡುಕಿ.

ನಾನು ಈಗ ಹಾರೋದು 50 ಸೆಂಟಿಮೀಟರ್. ವಿಡಿಯೋ ಯಾರೂ ಮಾಡಲ್ಲ, ಮಾಡೋ ಅಂಥದ್ದೇನೂ ಇಲ್ಲ. ಕ್ಲಾಸ್ ಮುಗಿದ ಮೇಲೆ ಕಡಿವಾಣ ತೆಗೆದು, ಎರಡೂ ಕಟವಾಯಿ ಬೆರಳಲ್ಲಿ ಸರಿಸಿ ನೋಡ್ತೀನಿ. ಆಮೇಲೇ ಮನೆಗೆ ಹೊರಡೋದು.