ಗುಬ್ಬಚ್ಚಿಗೆ ಕರಟದ ಬಟ್ಟಲು

ತೆಂಗಿನಕಾಯಿಯನ್ನು ತುರಿದಾದ ಮೇಲೆ ಉಳಿಯುವ ಎರಡು ಕರಟಗಳಿಗೆ ಹಿಂದೆ ಬಚ್ಚಲೊಲೆಯಲ್ಲಿ ಸದ್ಗತಿ ದೊರೆಯುತ್ತಿತ್ತು. ಒಲೆಯಿಲ್ಲದ ಮನೆಗಳಲ್ಲಿ ಈಗ ಅವು ನೇರವಾಗಿ ಕಸದ ಬುಟ್ಟಿಯನ್ನು ಸೇರುತ್ತವೆ. ಆದರೆ ಒಂದೇ ಕಾಯಿಯ ಈ ಎರಡು ಹೋಳುಗಳಿಂದ ಅಂಗಳದ ಹಕ್ಕಿಗಳಿಗೆ ಒಂದು ಕಾಳಿನ ತಟ್ಟೆಯನ್ನೂ ಒಂದು ನೀರಿನ ಬಟ್ಟಲನ್ನೂ ಸಿದ್ಧಪಡಿಸಬಹುದು. ಕೊಂಡು ತರಬೇಕಾದುದು ಎರಡು ಮಾರು ಹುರಿ ಮಾತ್ರ.

ಹಕ್ಕಿಗೆ ಕಾಳಿಡುವುದು ಕನ್ನಡ ನಾಡಿಗೆ ಹೊಸದಲ್ಲ. ಮಲೆನಾಡಿನ ಮನೆಗಳ ಬಾಗಿಲಿಗೆ ಕಟ್ಟುವ ಬತ್ತದ ತೋರಣವೂ, ಕರಾವಳಿಯಲ್ಲಿ ಹೊಸ ಪೈರು ಬಂದಾಗ ಕಟ್ಟುವ ಕದಿರೂ ಮನೆಗೆ ಮಂಗಳಕರವಾಗಿದ್ದಂತೆಯೇ ಗುಬ್ಬಿಗಳಿಗೆ ಆಹಾರವೂ ಆಗಿದ್ದುವು. ಅಂಗಳದಲ್ಲಿ ಅಕ್ಕಿ ಕೇರುವಾಗ ಉದುರಿದ ನುಚ್ಚು ಬೇರೆ. ಮೊರ ಮರೆಯಾದ ಪಟ್ಟಣದ ಮನೆಯಲ್ಲಿ ಆ ಪಾಲನ್ನು ಬೇರೊಂದು ಬಗೆಯಲ್ಲಿ ಎತ್ತಿಡಬೇಕಾಗಿದೆ, ಅಷ್ಟೆ.

ಕಾಯಿಯನ್ನು ನಡುವೆ ಒಡೆದಾಗ ಮೂರು ಕಣ್ಣುಗಳೂ ಒಂದೇ ಹೋಳಿನಲ್ಲಿ ಉಳಿಯುತ್ತವೆ. ಕಾಳಿಗೆ ಆ ಹೋಳನ್ನೇ ಆರಿಸಿಕೊಳ್ಳಬೇಕು. ಮೂರರಲ್ಲಿ ಒಂದು ಕಣ್ಣು ಮೆದುವಾಗಿರುತ್ತದೆ. ಮೊಳಕೆ ಹೊರಬರಲು ಪ್ರಕೃತಿಯೇ ಬಿಟ್ಟಿರುವ ದಾರಿ ಅದು. ಅದನ್ನು ಮೊಳೆಯಿಂದ ಚುಚ್ಚಿ ತೆರೆದರೆ ಮಳೆಯ ನೀರು ಬಸಿದುಹೋಗಲು ತೂತು ಸಿದ್ಧವಾಯಿತು. ಆ ತೂತಿಗೆ ಕಾಯಿಯದೇ ನಾರನ್ನು ಸಡಿಲವಾಗಿ ತುರುಕಿದರೆ ನೀರು ಇಳಿಯುತ್ತದೆ, ಕಾಳು ನಿಲ್ಲುತ್ತದೆ. ಕಣ್ಣಿಲ್ಲದ ಇನ್ನೊಂದು ಹೋಳು ಬಿರುಕಿಲ್ಲದೆ ಒಡೆದು ಬಂದಿದ್ದರೆ ನೀರಿಗೆ ಒದಗುತ್ತದೆ.

ಒಳಗೆ ಅಂಟಿಕೊಂಡ ಕೊಬ್ಬರಿಯ ಚೂರನ್ನೆಲ್ಲ ಕೆರೆದು ತೆಗೆದು, ಕರಟಗಳನ್ನು ತೊಳೆದು, ಎರಡು ದಿನ ಬಿಸಿಲಿನಲ್ಲಿ ಒಣಗಿಸಬೇಕು. ಚೂರು ಉಳಿದರೆ ಇರುವೆ ಮುತ್ತುತ್ತದೆ, ಬೂಸಲು ಹಿಡಿಯುತ್ತದೆ. ಅನಂತರ ಅಂಚಿನಿಂದ ಅರ್ಧ ಅಂಗುಲ ಕೆಳಗೆ, ಸಮಾನ ಅಂತರದಲ್ಲಿ ಮೂರು ತೂತುಗಳನ್ನು ಕೊರೆಯಬೇಕು. ಕರಟ ಗಟ್ಟಿಯಾದರೂ ಸೀಳುವ ಸ್ವಭಾವದ್ದು; ಸುತ್ತಿಗೆಯಿಂದ ಮೊಳೆ ಹೊಡೆದರೆ ಎರಡು ಭಾಗವಾದೀತು. ಬೈರಿಗೆಯಿದ್ದರೆ ಒಳ್ಳೆಯದು; ಇಲ್ಲದಿದ್ದರೆ ಇಕ್ಕಳದಲ್ಲಿ ಹಿಡಿದ ಕಾದ ಮೊಳೆಯಿಂದ ಕೆಲಸ ಸಾಗುತ್ತದೆ. ಇದಿಷ್ಟನ್ನು ಹಿರಿಯರು ಮಾಡಿ, ಉಳಿದುದನ್ನು ಮಕ್ಕಳಿಗೆ ಬಿಟ್ಟುಕೊಡಬಹುದು. ಎದುರುಬದುರಾಗಿ ಇನ್ನೆರಡು ತೂತು ಮಾಡಿ ತೆಳುವಾದ ಬಿದಿರಿನ ಕಡ್ಡಿಯೊಂದನ್ನು ಅಡ್ಡಲಾಗಿ ತೂರಿಸಿ, ಎರಡು ಕಡೆಯೂ ನಾಲ್ಕು ಬೆರಳಿನಷ್ಟು ಹೊರಗೆ ಬಿಟ್ಟರೆ ಹಕ್ಕಿಗೆ ಕೂರಲು ಆಸನವಾಯಿತು. ಕರಟದ ಹೊರಮೈಯನ್ನು ಉಜ್ಜಿ ನುಣುಪು ಮಾಡುವ ಶ್ರಮ ಬೇಡ. ಒರಟು ಮೈ ಹಕ್ಕಿಯ ಕಾಲಿಗೆ ಹಿಡಿತ ಕೊಡುತ್ತದೆ. ಬಣ್ಣವಂತೂ ಬೇಡವೇ ಬೇಡ. ತೂಗಹಾಕಲು ತೆಂಗಿನ ನಾರಿನ ಹುರಿಯೋ ದಪ್ಪ ಹತ್ತಿಯ ದಾರವೋ ಸರಿ. ಸಣ್ಣ ನೈಲಾನ್ ಎಳೆ, ಗಾಳಿಪಟದ ದಾರ ಇವು ಹಕ್ಕಿಯ ಕಾಲಿಗೆ ಸುತ್ತಿಕೊಂಡು ಪ್ರಾಣಕ್ಕೇ ಸಂಚಕಾರ ತರುತ್ತವೆ.

ಎಲ್ಲಿ ಕಟ್ಟಬೇಕು? ಜಗುಲಿಯ ಅಂಚು, ಮರದ ಕೊಂಬೆ, ಮಹಡಿಯ ಬಾಲ್ಕನಿ ಯಾವುದಾದರೂ ಆದೀತು. ನೆಲದಿಂದ ಆರೇಳು ಅಡಿ ಎತ್ತರ, ಬೆಕ್ಕು ಹಾರಿ ತಲುಪುವ ಗೋಡೆಯಿಂದ ದೂರ. ಬೀಸಣಿಗೆ ತಿರುಗುವ ಕೋಣೆಯ ಒಳಗೆ ಮಾತ್ರ ಕಟ್ಟಬಾರದು. ದೊಡ್ಡ ಗಾಜಿನ ಕಿಟಕಿಯಿದ್ದರೆ ಅದಕ್ಕೆ ಮೂರು ಅಡಿಯೊಳಗೆ ಕಟ್ಟುವುದು ಕ್ಷೇಮ; ಬೆದರಿ ಹಾರಿದ ಹಕ್ಕಿ ವೇಗ ಪಡೆಯುವ ಮೊದಲೇ ಗಾಜು ಸಿಗುವುದರಿಂದ ಪೆಟ್ಟು ಜೋರಾಗದು. ಕೋತಿಗಳ ಕಾಟವಿರುವ ಊರಿನಲ್ಲಿ ಈ ಸಾಹಸಕ್ಕೆ ಕೈಹಾಕದಿರುವುದೇ ಲೇಸು.

ನುಚ್ಚಕ್ಕಿ, ನವಣೆ, ಸಜ್ಜೆ ಗುಬ್ಬಿಗೂ ಮುನಿಯ ಹಕ್ಕಿಗೂ ಪ್ರಿಯವಾದ ಕಾಳುಗಳು. ಹಸಿ ಅಕ್ಕಿ ತಿಂದರೆ ಹಕ್ಕಿಯ ಹೊಟ್ಟೆ ಉಬ್ಬಿ ಒಡೆಯುತ್ತದೆಂಬ ಮಾತಿಗೆ ಆಧಾರವಿಲ್ಲ. ಬತ್ತದ ಗದ್ದೆಗೆ ಇಳಿಯುವ ಹಕ್ಕಿ ಅದನ್ನೇ ತಿಂದು ಬದುಕಿದೆ. ಹುಳಿಯನ್ನ, ಚಿತ್ರಾನ್ನ, ಖಾರದ ಮಿಕ್ಸ್‌ಚರ್ ಇವುಗಳನ್ನು ಪ್ರೀತಿಯಿಂದ ಇಡುವವರಿದ್ದಾರೆ. ಆದರೆ ಮೂವತ್ತು ಗ್ರಾಮಿಗಿಂತ ಹೆಚ್ಚು ತೂಗದ ಜೀವಕ್ಕೆ ಮನುಷ್ಯನ ನಾಲಗೆಯ ಉಪ್ಪು ವಿಷಕ್ಕೆ ಸಮಾನ. ಪಿಕಳಾರ ಬರುವ ಮನೆಯಾದರೆ ಒಂದು ತುಂಡು ಪರಂಗಿಹಣ್ಣನ್ನು ಇಡಬಹುದು. ದಿನಕ್ಕೆ ಎರಡು ಚಮಚ ಕಾಳು ಧಾರಾಳವಾಯಿತು. ಕೆಳಗೆ ಉದುರಿದುದನ್ನು ಸಂಜೆಗೆ ಗುಡಿಸಿಬಿಡಬೇಕು. ಇಲ್ಲವಾದರೆ ಪಾರಿವಾಳಗಳ ಹಿಂಡೂ, ರಾತ್ರಿಯಾದರೆ ಇಲಿಯೂ ನೆಂಟರಾಗಿ ಬರುತ್ತವೆ. ಬೇಸಗೆಯಲ್ಲಿ ಕಾಳಿಗಿಂತ ನೀರಿಗೇ ಹೆಚ್ಚು ಬೆಲೆ.

ತಟ್ಟೆಯನ್ನು ಕಟ್ಟುವುದು ಒಂದು ಮಧ್ಯಾಹ್ನದ ಕೆಲಸ. ತೊಳೆಯುವುದು ನಿತ್ಯದ ಕೆಲಸ. ಇಲ್ಲಿ ಸೋಮಾರಿತನ ಮಾಡಿದರೆ ಉಪಕಾರವೇ ಅಪಕಾರವಾಗುತ್ತದೆಂಬುದಕ್ಕೆ ಬ್ರಿಟನ್ನಿನ ನಿದರ್ಶನವಿದೆ. ಅಲ್ಲಿ ತೋಟಗಳಲ್ಲಿ ಹಕ್ಕಿಗಳಿಗೆ ಕಾಳಿಡುವುದು ಮನೆಮನೆಯ ಹವ್ಯಾಸ. 2005ರಿಂದೀಚೆಗೆ ಗ್ರೀನ್‌ಫಿಂಚ್ ಎಂಬ, ಗುಬ್ಬಿಯ ಗಾತ್ರದ ಹಸುರು ಹಕ್ಕಿಗಳಲ್ಲಿ ಟ್ರೈಕೊಮೊನಾಸ್ ಎಂಬ ಏಕಕೋಶ ಜೀವಿಯ ಸೋಂಕು ಹರಡಿತು. ಗಂಟಲು ಊದಿಕೊಂಡು ಹಕ್ಕಿಗೆ ನುಂಗಲಾಗುವುದಿಲ್ಲ. ಅದು ಬಾಯಿಯಿಂದ ಉಗುಳಿದ ಕಾಳನ್ನು ಮತ್ತೊಂದು ತಿನ್ನುತ್ತದೆ. ಹೀಗೆ ಹಕ್ಕಿಗಳು ಗುಂಪುಗೂಡುವ ಕಾಳಿನ ತಟ್ಟೆಗಳೇ ರೋಗ ಹಬ್ಬುವ ತಾಣಗಳಾಗಿ, ಆ ಹಕ್ಕಿಯ ಸಂಖ್ಯೆ ಅರ್ಧಕ್ಕಿಂತ ಕೆಳಗಿಳಿಯಿತು. ಆದ್ದರಿಂದ ನೀರಿನ ಕರಟವನ್ನು ದಿನವೂ, ಕಾಳಿನದನ್ನು ವಾರಕ್ಕೊಮ್ಮೆಯಾದರೂ ಬಿಸಿನೀರಿನಲ್ಲಿ ತಿಕ್ಕಿ ಬಿಸಿಲಿನಲ್ಲಿ ಒಣಗಿಸಬೇಕು. ಕರಟದ ದೊಡ್ಡ ಅನುಕೂಲವೂ ಇದೇ: ಬೂಸಲು ಹಿಡಿದುದನ್ನು ಬಿಸಾಡಿ, ಮರುದಿನದ ಕಾಯಿಯಿಂದ ಹೊಸದನ್ನು ಕಟ್ಟಿದರಾಯಿತು.

ಇಷ್ಟು ಮಾಡಿದರೆ ಊರಿಗೆ ಗುಬ್ಬಿಗಳು ಮರಳಿಬಂದಾವೇ ಎಂದು ಕೇಳುವವರಿಗೆ ನೇರವಾದ ಉತ್ತರವೆಂದರೆ, ಕಾಳೊಂದರಿಂದಲೇ ಬಾರವು. 2020ರಲ್ಲಿ ಪ್ರಕಟವಾದ ಭಾರತದ ಹಕ್ಕಿಗಳ ಸ್ಥಿತಿಗತಿಯ ವರದಿಯು ದೇಶದಲ್ಲಿ ಒಟ್ಟಾರೆ ಗುಬ್ಬಿಯ ಸಂಖ್ಯೆ ಹೆಚ್ಚುಕಡಿಮೆ ಸ್ಥಿರವಾಗಿದೆಯೆಂದೂ, ಬೆಂಗಳೂರು ಸೇರಿದಂತೆ ಆರು ಮಹಾನಗರಗಳಲ್ಲಿ ಇಳಿದಿದೆಯೆಂದೂ ತಿಳಿಸಿತು. ಬಲಿತ ಗುಬ್ಬಿ ಕಾಳು ತಿಂದು ಬದುಕಬಲ್ಲದು; ಗೂಡಿನ ಮರಿಗೆ ಮೊದಲ ದಿನಗಳಲ್ಲಿ ಹುಳುವೇ ಬೇಕು. ಚೀನಾ ದೇಶವು ಈ ಪಾಠವನ್ನು ಕಷ್ಟಪಟ್ಟು ಕಲಿಯಿತು. ಗುಬ್ಬಿಗಳು ಧಾನ್ಯ ತಿನ್ನುತ್ತವೆಂದು 1958ರಲ್ಲಿ ಅಲ್ಲಿ ಇಲಿ, ನೊಣ, ಸೊಳ್ಳೆಗಳ ಸಾಲಿನಲ್ಲಿ ಅವನ್ನೂ ಸೇರಿಸಿ, ಜನರೆಲ್ಲ ತಮಟೆ ತಟ್ಟಿ, ಕೂರಗೊಡದೆ ಹಾರಿಸಿ ಹಾರಿಸಿ ಕೊಂದರು. ಗುಬ್ಬಿಯ ಮೇಲೆ ಬ್ರಹ್ಮಾಸ್ತ್ರವೆಂಬ ಗಾದೆ ಅಕ್ಷರಶಃ ನಿಜವಾಯಿತು. ಅನಂತರ ಹೊಲಗಳಲ್ಲಿ ಹುಳುಗಳ ಹಾವಳಿ ಏರಿತು. 1960ರಲ್ಲಿ ಪಟ್ಟಿಯಿಂದ ಗುಬ್ಬಿಯನ್ನು ತೆಗೆದು ತಿಗಣೆಯನ್ನು ಸೇರಿಸಿದರು.

ಹಾಗಾಗಿ ಕರಟದ ಬಳಿ ಒಂದು ದಾಸವಾಳದ ಗಿಡ, ಒಂದು ಕರಿಬೇವು, ಸ್ಥಳವಿದ್ದರೆ ಹೀರೆಯ ಬಳ್ಳಿ ಇರಲಿ; ಎಲೆಯ ಮೇಲೆ ಹುಳು ಕಂಡೊಡನೆ ಔಷಧಿ ಸಿಂಪಡಿಸುವ ಆತುರ ಬೇಡ.

ಹೊಸ ಬಟ್ಟಲಿಗೆ ಹಕ್ಕಿ ಮೊದಲ ದಿನವೇ ಬರುವುದಿಲ್ಲ. ವಾರಗಳೇ ಹಿಡಿಯಬಹುದು. ಜಾಗವನ್ನು ಪದೇ ಪದೇ ಬದಲಿಸದೆ, ಬೆಳಗ್ಗೆ ಒಂದೇ ಹೊತ್ತಿಗೆ ಕಾಳು ಹಾಕುತ್ತಿದ್ದರೆ ಒಂದು ಧೈರ್ಯಶಾಲಿ ಗುಬ್ಬಿ ಬಂದು ನೋಡುತ್ತದೆ. ಅದರ ಹಿಂದೆ ಬಳಗ. ಅನಂತರ ಬಟ್ಟಲು ಸದಾ ತುಂಬಿರುವಂತೆ ಕಂಡರೆ, ಹಕ್ಕಿ ಬಂದಿಲ್ಲವೆಂದು ತಿಳಿಯುವ ಮುನ್ನ ಒಮ್ಮೆ ಊದಿ ನೋಡಬೇಕು. ನವಣೆಯನ್ನು ಸುಲಿದು ತಿಂದ ಗುಬ್ಬಿ ಹೊಟ್ಟನ್ನೆಲ್ಲ ಅಲ್ಲೇ ಬಿಟ್ಟು ಹೋಗಿರುತ್ತದೆ.