ವೆಸುವಿಯಸ್ಸಿನ ಬೂದಿ, ನೊಯ್ಯಲ್ ದಂಡೆಯ ಬೆಳ್ಳಿ

ಕ್ರಿ.ಶ. 79ರಲ್ಲಿ ಇಟಲಿಯ ವೆಸುವಿಯಸ್ ಸಿಡಿದಾಗ ಕೊಲ್ಲಿಯ ಆಚೆ ಬದಿಯ ಮಿಸೇನಮ್ ಬಂದರಿನಲ್ಲಿ ರೋಮಿನ ನೌಕಾಪಡೆಯ ಅಧಿಪತಿಯಾಗಿದ್ದವನು ಹಿರಿಯ ಪ್ಲಿನಿ. ಬೆಟ್ಟದ ಮೇಲೆದ್ದ ಹೊಗೆ ಕೊಡೆ ಬಿಚ್ಚಿದ ಪೈನ್ ಮರದ ಹಾಗೆ ಹರಡಿತ್ತೆಂದು ಅವನ ಸೋದರಳಿಯ ಕಿರಿಯ ಪ್ಲಿನಿ ಇತಿಹಾಸಕಾರ ಟ್ಯಾಸಿಟಸ್‌ನಿಗೆ ಬರೆದ ಪತ್ರದಲ್ಲಿ ಹೇಳುತ್ತಾನೆ. ಹತ್ತಿರದಿಂದ ನೋಡುವ ಕುತೂಹಲಕ್ಕೆಂದು ಹೊರಟಿದ್ದ ಮಾವ, ನೆರವು ಕೇಳಿದ ಚೀಟಿ ಬಂದ ಮೇಲೆ ಜನರನ್ನು ಬಿಡಿಸಿ ತರಲು ದೊಡ್ಡ ಹಡಗುಗಳನ್ನೇ ಹೊರಡಿಸಿದ. ಸ್ಟೇಬಿಯೆ ಎಂಬ ಊರಿನಲ್ಲಿ ಅವನೂ ಜೊತೆಯವರೂ ಮೇಲಿನಿಂದ ಬೀಳುವ ಕಲ್ಲಿಗೆ ಅಡ್ಡವಾಗಿ ತಲೆಗೆ ದಿಂಬು ಕಟ್ಟಿಕೊಂಡು ಸಮುದ್ರದ ದಡಕ್ಕೆ ನಡೆದರು. ಅಲ್ಲಿ ನೆಲಕ್ಕೆ ಹಾಸಿದ ಬಟ್ಟೆಯ ಮೇಲೆ ಮಲಗಿ, ಎರಡು ಸಲ ತಣ್ಣೀರು ಕೇಳಿ ಕುಡಿದು, ಎದ್ದು ನಿಲ್ಲಲು ಹೋದವನು ಉಸಿರುಗಟ್ಟಿ ಕುಸಿದ. ಪಾಂಪೇಯಿ, ಹರ್ಕ್ಯುಲೇನಿಯಮ್ ಎರಡೂ ಊರುಗಳು ಬೂದಿಯಡಿ ಸೇರಿಹೋದವು.

ಈ ಪ್ಲಿನಿಯನ್ನು ದೂರದ ದೇಶದವನೆಂದು ಕೊಯಮತ್ತೂರಿನ ಬಳಿಯ ಸೂಲೂರಿನ ಓದುಗರು ಬಿಟ್ಟುಬಿಡುವ ಹಾಗಿಲ್ಲ. ಸಾಯುವುದಕ್ಕೆ ಎರಡು ವರ್ಷ ಮೊದಲು ಅವನು ತನ್ನ 37 ಸಂಪುಟಗಳ ‘ನಿಸರ್ಗ ಚರಿತ್ರೆ’ಯನ್ನು ರಾಜಕುಮಾರ ಟೈಟಸ್‌ಗೆ ಅರ್ಪಿಸಿದ್ದ. ಮಾನ್ಸೂನ್ ಗಾಳಿ ಹಿಡಿದು ಮಲಬಾರ್ ಕರಾವಳಿಯ ಮುಜಿರಿಸ್‌ಗೆ ಬರುವ ಹಡಗಿನ ದಾರಿ, ಕರಿಮೆಣಸು ರೋಮಿನಲ್ಲಿ ಪೌಂಡಿಗೆ ನಾಲ್ಕು ದಿನಾರಿಯಸ್‌ಗೆ ಮಾರುವ ಸಂಗತಿ, ಬೆರಿಲ್ ಹರಳಿಗೆ ಭಾರತವೇ ತವರೆಂಬ ಮಾತು, ಭಾರತಕ್ಕೆ ವರ್ಷವೂ ಐದು ಕೋಟಿ ಸೆಸ್ಟರ್ಸ್ ಹರಿದುಹೋಗುತ್ತಿದೆ ಎಂಬ ದೂರು ಎಲ್ಲವೂ ಅದರಲ್ಲಿವೆ. ಆ ಹಣ ಬಂದು ಸೇರಿದ ಜಾಗಗಳಲ್ಲಿ ಕೊಯಮತ್ತೂರು ಸೀಮೆಯ ನೊಯ್ಯಲ್ ಹೊಳೆಯ ಕಣಿವೆ ಮುಖ್ಯವಾದದ್ದು. ಪಾಲಕ್ಕಾಡಿನ ಕಣಿವೆ ದಾಟಿ ಕರೂರಿನ ಕಡೆ ಸಾಗುವ ಹಳೆಯ ದಾರಿ ಈ ಹೊಳೆಯ ಪಕ್ಕದಲ್ಲೇ ಹೋಗುತ್ತಿತ್ತು. ಸೂಲೂರಿಗೆ ಪಶ್ಚಿಮದ ವೆಳ್ಳಲೂರಿನಲ್ಲಿ 1842ರಲ್ಲಿ ಐನೂರಕ್ಕೂ ಹೆಚ್ಚು ರೋಮನ್ ಬೆಳ್ಳಿ ನಾಣ್ಯಗಳು ಒಟ್ಟಿಗೆ ಸಿಕ್ಕವು. 1891ರಲ್ಲಿ ಅಲ್ಲೇ ಮತ್ತೊಂದು ನಿಧಿ ಸಿಕ್ಕಿತು. ಪೂರ್ವಕ್ಕೆ, ಇಂದಿನ ತಿರುಪ್ಪೂರು ಜಿಲ್ಲೆಯ ಕಾಂಗೇಯಂ ಬಳಿಯ ಪಡಿಯೂರಿನಲ್ಲಿ ಬೆರಿಲ್ ಗಣಿಯಿತ್ತು. 1819–20ರಲ್ಲೂ ಅಲ್ಲಿ ಹರಳು ತೆಗೆದಿದ್ದಾರೆ. ಇನ್ನೂ ಕೆಳಗೆ ಹೋದರೆ ಹೊಳೆಯ ದಂಡೆಯ ಮೇಲೇ ಕೊಡುಮಣಲ್. ಬೆರಿಲ್, ಸ್ಫಟಿಕಗಳನ್ನು ಮಣಿಯಾಗಿ ಕಡೆಯುತ್ತಿದ್ದ, ಕಬ್ಬಿಣ ಕರಗಿಸುತ್ತಿದ್ದ ಊರದು. ಮಡಕೆ ಚೂರುಗಳ ಮೇಲೆ ತಮಿಳು ಬ್ರಾಹ್ಮಿಯಲ್ಲಿ ಹೆಸರು ಕೊರೆದಿಟ್ಟ ಜನ ಅಲ್ಲಿದ್ದರು.

ದಕ್ಷಿಣದಲ್ಲಿ ಸಿಗುವ ಬೆಳ್ಳಿ ನಾಣ್ಯಗಳಲ್ಲಿ ಬಹುಪಾಲು ಎರಡೇ ಬಗೆಯವು. ಒಂದರಲ್ಲಿ ಮುಂದೆ ಅಗಸ್ಟಸ್‌ನ ಮುಖ, ಹಿಂದೆ ಅವನ ದತ್ತುಮಕ್ಕಳಿಬ್ಬರು ನಡುವೆ ಗುರಾಣಿ, ಈಟಿ ಇಟ್ಟುಕೊಂಡು ನಿಂತಿದ್ದಾರೆ. ಇನ್ನೊಂದರಲ್ಲಿ ಮುಂದೆ ಟೈಬೀರಿಯಸ್, ಹಿಂದೆ ಕೈಯಲ್ಲಿ ರೆಂಬೆ ಹಿಡಿದು ಕೂತ ಹೆಂಗಸು. ಬೆಂಗಳೂರಿನ ಯಶವಂತಪುರದಲ್ಲಿ 1891ರಲ್ಲಿ ಸಿಕ್ಕ 163 ನಾಣ್ಯಗಳು, ಚಿತ್ರದುರ್ಗದ ಚಂದ್ರವಳ್ಳಿಯ ನೆಲದಲ್ಲಿ ಸಿಕ್ಕವು ಇದೇ ಕಾಲದ ಸುತ್ತಿನವು. ಪಾಂಪೇಯಿಯ ಅಂಗಡಿಗಳಲ್ಲಿ ಕೈಬದಲಾದಂಥದೇ ಬೆಳ್ಳಿ ಇಲ್ಲಿಯೂ ಕೈಬದಲಾಗಿದೆ.

ನಾನು ಹೇಳಬೇಕಾದದ್ದು ಇಷ್ಟು: ವೆಸುವಿಯಸ್ಸಿನ ಆ ದಿನವನ್ನೂ ಅದರ ಮುಂದಿನ ಕಾಲವನ್ನೂ ಪಾಂಪೇಯಿಯಿಂದ ಮಾತ್ರ ಓದಿದರೆ ಅರ್ಧ ಓದಿದಂತೆ. ಅಲ್ಲಿಂದ ನೋಡಿದರೆ 79 ಎಂಬುದು ಒಂದು ಲೋಕ ಮುಗಿದ ವರ್ಷ. ನೊಯ್ಯಲ್ ಕಡೆಯಿಂದ, ಮುಜಿರಿಸ್ ಕಡೆಯಿಂದ ನೋಡಿದರೆ ಹಾಗಿಲ್ಲ. ಟೈಟಸ್ ಆಗ ಚಕ್ರವರ್ತಿಯಾಗಿ ಕೆಲವೇ ತಿಂಗಳಾಗಿತ್ತು. ಹಿಂದೆ ಕಾನ್ಸಲ್ ಆಗಿದ್ದವರನ್ನು ಪುನರ್ವಸತಿಯ ಉಸ್ತುವಾರಿಗೆ ನೇಮಿಸಿ, ವಾರಸುದಾರರಿಲ್ಲದೆ ಸತ್ತವರ ಆಸ್ತಿಯನ್ನು ಉಳಿದ ಊರುಗಳನ್ನು ಎತ್ತಿ ನಿಲ್ಲಿಸಲು ಬಳಸಿದ. ಬದುಕಿ ಉಳಿದವರು ನೇಪಲ್ಸ್, ಪುಟಿಯೋಲಿಗಳಲ್ಲಿ ನೆಲೆ ಕಂಡುಕೊಂಡರು. ಪೂರ್ವದ ಸರಕು ಇಳಿಯುತ್ತಿದ್ದ ಬಂದರು ಈ ಪುಟಿಯೋಲಿಯೇ. ಅದು ಉಳಿಯಿತು, ವ್ಯಾಪಾರವೂ ಉಳಿಯಿತು. ವಿಯೆನ್ನಾದಲ್ಲಿರುವ ಒಂದು ಪಪೈರಸ್ ಹಾಳೆಯಲ್ಲಿ ಮುಜಿರಿಸ್‌ನ ಹೆಸರೂ ‘ಹರ್ಮಪೊಲಾನ್’ ಎಂಬ ಹಡಗಿನ ಸರಕಿನ ಬೆಲೆಪಟ್ಟಿಯೂ ಇವೆ. ಅದು ಎರಡನೆಯ ಶತಮಾನದ್ದು, ಅಂದರೆ ಬೂದಿ ಬಿದ್ದು ಎಷ್ಟೋ ಕಾಲದ ಮೇಲಿನದು.

ಪ್ಲಿನಿ ಶೋಕಿಯನ್ನು ಹಳಿಯುವ ಭರದಲ್ಲಿ ಐದು ಕೋಟಿಯ ಅಂಕಿ ಉಬ್ಬಿಸಿದ ಎಂದು ವಿದ್ವಾಂಸರಲ್ಲಿ ಅನೇಕರ ಅನುಮಾನ. ರೋಮಿನ ಹೆಂಗಸರ ಒಡವೆಯ ಮೇಲೆ ಅವನಿಗಿದ್ದ ಸಿಟ್ಟು ಓದಿದವರಿಗೆ ಈ ಅನುಮಾನ ಬರುವುದು ಸಹಜ. ಆದರೆ ಆ ಪಪೈರಸ್‌ನ ಒಂದೇ ಹಡಗಿನ ಸರಕು ಎಪ್ಪತ್ತು ಲಕ್ಷ ಸೆಸ್ಟರ್ಸ್‌ಗೆ ಹತ್ತಿರ ಬರುತ್ತದೆ. ಹಾಗಿರುವಾಗ ಐದು ಕೋಟಿ ಎಂಬುದನ್ನು ಬರೀ ಬಯ್ಗುಳವೆಂದು ತಳ್ಳಿಹಾಕುವುದು ಕಷ್ಟ. ಇನ್ನೊಂದು ಆಕ್ಷೇಪ ಇದಕ್ಕಿಂತ ಗಟ್ಟಿ. ನೀರೋ ಕ್ರಿ.ಶ. 64ರಲ್ಲಿ ಬೆಳ್ಳಿ ನಾಣ್ಯದ ಬೆಳ್ಳಿಯನ್ನು ಇಳಿಸಿದ. ಇಲ್ಲಿಯ ನಾಣ್ಯಗಳು ಹೆಚ್ಚಾಗಿ ಅದಕ್ಕೂ ಹಿಂದಿನವು. ಹಾಗಾದರೆ ಅವು 79ರ ಬಗ್ಗೆ ಏನು ಹೇಳಿಯಾವು ಎಂಬ ಪ್ರಶ್ನೆ. ಅಚ್ಚಾದ ವರ್ಷ ಬೇರೆ, ನೆಲದಲ್ಲಿ ಹೂತ ವರ್ಷ ಬೇರೆ. ನಮ್ಮವರು ಹಳೆಯ ಒಳ್ಳೆಯ ಬೆಳ್ಳಿಯನ್ನೇ ಆರಿಸಿಕೊಂಡಿರಬಹುದು. ಹೂತದ್ದು ಯಾವಾಗ ಎಂದು ತಿಳಿಯಬೇಕಾದರೆ ಜೊತೆಗಿದ್ದ ಮಡಕೆ ಯಾವುದು, ಮಣ್ಣಿನ ಎಷ್ಟನೆಯ ಪದರ, ಪಕ್ಕದಲ್ಲಿ ಏನಿತ್ತು ಎಂಬುದು ಗೊತ್ತಿರಬೇಕು. ನಮ್ಮ ಹಳೆಯ ನಿಧಿಗಳ ವಿಷಯದಲ್ಲಿ ಕಳೆದುಹೋಗಿರುವುದು ಇದೇ. ಎಷ್ಟು ನಾಣ್ಯ, ಯಾವ ದೊರೆ ಎಂಬುದು ಉಳಿಯಿತು, ನೆಲದ ಸಾಕ್ಷ್ಯ ಹೋಯಿತು. ಕಣ್ಣೂರಿನ ಬಳಿಯ ಕೋಟ್ಟಯಂನಲ್ಲಿ 1847ರಲ್ಲಿ ಆಳುಗಳು ಹೊರೆಗಟ್ಟಲೆ ಹೊತ್ತು ತಂದ ರೋಮನ್ ಚಿನ್ನದ ಕಥೆಯೂ ಇದೇ.

ಪಾಂಪೇಯಿಗೆ ಬೂದಿಯ ಪುಣ್ಯವಿತ್ತು, ನಮಗಿಲ್ಲ ಎನ್ನುವವರಿದ್ದಾರೆ. ಈ ಮಾತನ್ನು ನಾನು ಒಪ್ಪಲಾರೆ. 1748ರಲ್ಲಿ ಅಲ್ಲಿ ಅಗೆತ ಶುರುವಾದಾಗ ನಡೆದದ್ದು ದೊರೆಯ ಅರಮನೆಗೆ ಮೂರ್ತಿ, ಚಿತ್ರ ಕಿತ್ತು ಸಾಗಿಸುವ ಕೆಲಸ. ನೂರು ವರ್ಷಕ್ಕೂ ಹೆಚ್ಚು ಕಾಲದ ಬಳಿಕ, 1860ರ ದಶಕದಲ್ಲಿ ಜುಸೆಪ್ಪೆ ಫಿಯೊರೆಲ್ಲಿ ಊರನ್ನು ವಲಯ, ಕಟ್ಟಡಗಳ ಗುಂಪು, ಬಾಗಿಲು ಎಂದು ಸಂಖ್ಯೆ ಕೊಟ್ಟು ವಿಂಗಡಿಸಿದ, ಅಗೆದದ್ದನ್ನು ಬರೆದಿಟ್ಟ. ಹೆಣ ಕರಗಿ ಉಳಿದ ಪೊಳ್ಳಿಗೆ ಜಿಪ್ಸಮ್ ಗಾರೆ ಸುರಿದು ಸತ್ತವರ ಆಕಾರ ಹೊರತೆಗೆದವನೂ ಅವನೇ. ಬೂದಿ ಗೋಡೆಗಳನ್ನು ಕಾಯಿತು. ಅವುಗಳೊಳಗಿನ ಬದುಕು ನಮಗೆ ತಿಳಿದದ್ದು ಇಂಥ ಲೆಕ್ಕದ ಪುಸ್ತಕದಿಂದ. ಅಂಥ ಪುಸ್ತಕ ಇಡಲು ಜ್ವಾಲಾಮುಖಿ ಬೇಕಿಲ್ಲ. ಕೊಡುಮಣಲ್‌ನಲ್ಲಿ 1985ರಿಂದ ಹಂತಹಂತವಾಗಿ ನಡೆದ ಉತ್ಖನನಗಳು ಇದನ್ನು ಮಾಡಿ ತೋರಿಸಿವೆ.

ಇರುವ ಜನಕ್ಕೇ ಜಾಗ ಸಾಲದಿರುವಾಗ ಹೊಲ, ಸೈಟುಗಳನ್ನೆಲ್ಲ ಪುರಾತತ್ವ ಇಲಾಖೆಗೆ ಬಿಟ್ಟುಕೊಡಲಾದೀತೇ ಎಂಬ ಪ್ರಶ್ನೆ ನ್ಯಾಯವಾದದ್ದೇ. ಯಾರ ಹೊಲವನ್ನೂ ಕಿತ್ತುಕೊಳ್ಳಬೇಕಿಲ್ಲ. ವೆಳ್ಳಲೂರೆಂದರೆ ಇಂದು ಕೊಯಮತ್ತೂರಿನ ಜನಕ್ಕೆ ನೆನಪಾಗುವುದು ಮಹಾನಗರದ ಕಸದ ಅಂಗಳ. ಸುತ್ತ ಉಳಿದ ನೆಲದಲ್ಲಿ ದಿನವೂ ಪಾಯ ತೋಡುತ್ತಿದ್ದಾರೆ, ಕೊಳವೆಬಾವಿ ಕೊರೆಯುತ್ತಿದ್ದಾರೆ. ತೋಡುವಾಗ ಸಿಕ್ಕದ್ದನ್ನು ದಾಖಲಿಸುವುದು ಮನೆ ಕಟ್ಟುವುದಕ್ಕೆ ಅಡ್ಡಿಯಾಗದು. ಹತ್ತು ರೂಪಾಯಿಗೆ ಮೀರಿದ ನಿಧಿ ಸಿಕ್ಕರೆ ಜಿಲ್ಲಾಧಿಕಾರಿಗೆ ತಿಳಿಸಬೇಕೆಂದು 1878ರ ಕಾಯಿದೆಯೇ ಹೇಳುತ್ತದೆ. ಈ ಸೀಮೆಯಲ್ಲಿ ಮಗ್ಗ ಹಿಡಿದ, ಮನೆಯಲ್ಲಿ ಕನ್ನಡ ಆಡುವ ದೇವಾಂಗರೂ ಬೇಸಾಯದ ಒಕ್ಕಲಿಗರೂ ತಲೆಮಾರುಗಳಿಂದ ಇದ್ದಾರೆ. ಅವರಿಗೂ ಉಳಿದೆಲ್ಲರಿಗೂ ಈ ಸಂಚಿಕೆಯ ಕೋರಿಕೆ ಇದು: ಮಡಕೆಯೋ ಮಣಿಯೋ ನಾಣ್ಯವೋ ಕಂಡರೆ ತೊಳೆಯಬೇಡಿ, ತಿಕ್ಕಬೇಡಿ, ಅಕ್ಕಸಾಲಿಗನ ಬಳಿ ಒಯ್ಯಬೇಡಿ. ಇದ್ದ ಜಾಗದಲ್ಲೇ ಒಂದು ಫೋಟೊ ತೆಗೆಯಿರಿ, ಎಷ್ಟು ಅಡಿ ಆಳ, ಯಾವ ಸರ್ವೆ ನಂಬರು ಎಂದು ಬರೆದುಕೊಳ್ಳಿ, ತಾಲ್ಲೂಕು ಕಚೇರಿಗೆ ತಿಳಿಸಿ.